ಹಳೆಯ ಜೀಪಿನ ಸ್ಟಿಯರಿಂಗ್ ತೋಳು: ನಮ್ಮ ಸೀಮೆಯ ಒಂದು ಕಸುಬಿನ ಚರಿತ್ರೆ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಇತಿಹಾಸವೆಂದರೆ ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ, ಹರಪನಹಳ್ಳಿಯ ಪಾಳೆಯಗಾರರು ಎಂದೇ ನಾವು ಓದುತ್ತ, ಓದಿಸುತ್ತ ಬಂದೆವು. ಶಾಸನ ಹಾಕಿಸಿದವರ ಚರಿತ್ರೆ ಉಳಿಯಿತು; ಸುತ್ತಿಗೆ ಹಿಡಿದವರ ಚರಿತ್ರೆ ಅವರ ಕೈಯೊಡನೆಯೇ ಮಣ್ಣಾಯಿತು. ಅಂಥ ಒಂದು ಕಸುಬಿನ ಒಂದೇ ಒಂದು ಕೆಲಸವನ್ನು ಕುರಿತು ಇಂದು ಬರೆಯುತ್ತಿದ್ದೇನೆ. ಹಳೆಯ ನಾಲ್ಕು ಗಾಲಿ ಎಳೆತದ ಜೀಪು, ಲಾರಿಗಳಲ್ಲಿ ಕಚ್ಚಿಕೊಂಡು ಕುಳಿತ ಸ್ಟಿಯರಿಂಗ್ ತೋಳನ್ನು ಬಿಡಿಸುವ ಕೆಲಸವದು. ಗ್ಯಾರೇಜಿನವರು ಇದನ್ನು ಡ್ರಾಪ್ ಆರ್ಮ್ ಅಥವಾ ಪಿಟ್‌ಮನ್ ಆರ್ಮ್ ಎನ್ನುತ್ತಾರೆ. ಇಷ್ಟು ಸಣ್ಣ ವಿಷಯಕ್ಕೆ ಇತಿಹಾಸವೇ ಎಂದು ನಗಬೇಡಿ. ನಮ್ಮ ಬಂಡಿ, ನಮ್ಮ ತೇರು, ಎರಡನೆಯ ಮಹಾಯುದ್ಧ, ಸ್ವಾತಂತ್ರ್ಯಾನಂತರದ ಗ್ರಾಮಾಭಿವೃದ್ಧಿ ಎಲ್ಲವೂ ಈ ಒಂದು ಮೊಳಕ್ಕಿಂತ ಚಿಕ್ಕದಾದ ಉಕ್ಕಿನ ತುಂಡಿನಲ್ಲಿ ಬಂದು ಕೂಡುತ್ತವೆ.

ಮೊದಲು ತಿರುಗುವ ಸಂಗತಿಯನ್ನು ನೋಡೋಣ. ನಮ್ಮ ಎತ್ತಿನ ಬಂಡಿಗೆ ಇರುವುದು ಎರಡೇ ಗಾಲಿ, ಒಂದೇ ಅಚ್ಚು. ಎತ್ತು ತಿರುಗಿದರೆ ನೊಗ ತಿರುಗುತ್ತದೆ, ನೊಗದೊಡನೆ ಮೂಕಿ, ಮೂಕಿಯೊಡನೆ ಬಂಡಿ. ಅದಕ್ಕೆ ಬೇರೆ ಚುಕ್ಕಾಣಿ ಬೇಕಿಲ್ಲ. ಮೈಲಾರದ ಜಾತ್ರೆಗೆ, ಕುರುವತ್ತಿಯ ಜಾತ್ರೆಗೆ ಸಾಲುಗಟ್ಟಿ ಹೋಗುವ ಬಂಡಿಗಳಿಗೆ ದಾರಿ ತಪ್ಪುವ ಭಯವೂ ಇರಲಿಲ್ಲ. ನಾಲ್ಕು ಗಾಲಿಯ ವಾಹನಕ್ಕೆ ಮಾತ್ರ ಈ ತೊಡಕು ಬಂದೊದಗುತ್ತದೆ. ತಿರುವಿನಲ್ಲಿ ಒಳಬದಿಯ ಗಾಲಿ ಸಣ್ಣ ವೃತ್ತದಲ್ಲಿಯೂ ಹೊರಬದಿಯ ಗಾಲಿ ದೊಡ್ಡ ವೃತ್ತದಲ್ಲಿಯೂ ಉರುಳಬೇಕು. ಆದುದರಿಂದ ಒಳಗಾಲಿ ಹೆಚ್ಚು ಹೊರಳಬೇಕು, ಹೊರಗಾಲಿ ಕಡಿಮೆ. ಇದಕ್ಕೆ ಪರಿಹಾರ ಕಂಡುಹಿಡಿದವನು ಮ್ಯೂನಿಕ್ ನಗರದ ಗಾಡಿ ತಯಾರಕ ಗಿಯೋರ್ಗ್ ಲಾಂಕೆನ್ಸ್‌ಪೆರ್ಗರ್. ಅವನ ಪರವಾಗಿ 1818ರಲ್ಲಿ ಲಂಡನ್ನಿನಲ್ಲಿ ಹಕ್ಕುಪತ್ರ ಪಡೆದವನು ರುಡಾಲ್ಫ್ ಆಕರ್‌ಮನ್. ಕಂಡುಹಿಡಿದವನ ಹೆಸರು ಮರೆಯಾಗಿ, ಕಾಗದ ಮಾಡಿಸಿದವನ ಹೆಸರು ಆ ತತ್ತ್ವಕ್ಕೆ ಉಳಿದುಕೊಂಡಿತು!

ನಮ್ಮ ಕೊಟ್ಟೂರಿನ ತೇರಿಗೂ ಚುಕ್ಕಾಣಿಯಿಲ್ಲ. ಮಾಘ ಮಾಸದಲ್ಲಿ ಶ್ರೀ ಗುರು ಬಸವೇಶ್ವರ ಸ್ವಾಮಿಯ ರಥವನ್ನು ಮಿಣಿ ಹಿಡಿದು ಸಾವಿರಾರು ಜನ ಎಳೆಯುತ್ತಾರೆ. ಎಳೆತಕ್ಕೆ ದಿಕ್ಕು ಕೊಡುವವರು ಮಾತ್ರ ಗಾಲಿಯ ಬಳಿ ನಿಂತ ಕೆಲವೇ ಮಂದಿ. ಅವರ ಕೈಯಲ್ಲಿರುವುದು ಮರದ ಬೆಣೆ. ಒಂದು ಬದಿಯ ಗಾಲಿಯಡಿಗೆ ಬೆಣೆ ಕೊಟ್ಟರೆ ಆ ಬದಿ ತಡೆಯುತ್ತದೆ, ಇನ್ನೊಂದು ಬದಿ ಮುಂದೆ ಬರುತ್ತದೆ, ತೇರು ಹೊರಳುತ್ತದೆ. ಅಷ್ಟು ಭಾರವನ್ನು ಅಂಗೈಯಗಲದ ಮರದ ತುಂಡು ಆಳುತ್ತದೆ. 2017ರ ಫೆಬ್ರವರಿ 21ರಂದು ಅದೇ ತೇರು ಅಚ್ಚು ಮುರಿದು ಉರುಳಿದ ಸುದ್ದಿ ನಾಡನ್ನೆಲ್ಲ ತಲ್ಲಣಗೊಳಿಸಿತು. ಭಾರವಾದ ವಸ್ತು ಚಲಿಸುವಾಗ ಅದರ ಒಂದು ಅಂಗ ಸೋತರೆ ಏನಾಗುತ್ತದೆಂಬುದನ್ನು ನಮ್ಮ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಣೆ ಎಂಬ ಮಾತನ್ನು ನೆನಪಿನಲ್ಲಿಡಿ. ಮುಂದೆ ಅದೇ ನಮ್ಮ ಕಥೆಯ ಕೀಲಿ.

ಈಗ ನಾಲ್ಕು ಗಾಲಿ ಎಳೆತದ ವಾಹನಕ್ಕೆ ಬರೋಣ. ಸಾಮಾನ್ಯ ಲಾರಿಯಲ್ಲಿ ಹಿಂಗಾಲಿ ನೂಕುತ್ತದೆ, ಮುಂಗಾಲಿ ತಿರುಗುತ್ತದೆ. ಎರಡಕ್ಕೂ ಬೇರೆ ಬೇರೆ ಕೆಲಸ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಕೊಡಬೇಕಾದರೆ ಮುಂಗಾಲಿ ಎಳೆಯಲೂಬೇಕು, ತಿರುಗಲೂಬೇಕು. ಈ ಇಬ್ಬಗೆಯ ಕೆಲಸವನ್ನು ಒಂದೇ ಗಾಲಿಗೆ ಹೊರಿಸುವುದು ಬಹುಕಾಲ ಕಠಿಣವೆನಿಸಿತ್ತು. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಆಟೊ ಜ್ಯಾಕೌ ಮತ್ತು ವಿಲಿಯಂ ಬೆಸರ್ಡಿಕ್ ಎಂಬ ಇಬ್ಬರು ಕಸುಬುದಾರರು 1908ರ ಸುಮಾರಿಗೆ ಇದನ್ನು ಸಾಧಿಸಿದರು. ಮೊದಲ ಮಹಾಯುದ್ಧದಲ್ಲಿ ಅವರ ಲಾರಿಗಳು ಯೂರೋಪಿನ ಕೆಸರಿನಲ್ಲಿ ಓಡಿದವು. ಎರಡನೆಯ ಮಹಾಯುದ್ಧದ ಹೊತ್ತಿಗೆ ಇದು ಸೈನ್ಯಕ್ಕೆ ಅನಿವಾರ್ಯವಾಗಿತ್ತು. 1941ರಿಂದ 1945ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಕೂಡಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದವು. ಸುಮಾರು 1,100 ಕಿಲೋ ತೂಕ, 60 ಅಶ್ವಶಕ್ತಿ. ಕೆನಡಾ ದೇಶವೊಂದೇ ಎಂಟು ಲಕ್ಷದಷ್ಟು ಸೈನಿಕ ವಾಹನಗಳನ್ನು ತಯಾರಿಸಿತು. ಅವುಗಳಲ್ಲಿ ಮೊಂಡು ಮೂಗಿನ ಷೆವರ್ಲೆ, ಫೋರ್ಡ್ ಲಾರಿಗಳು ಭಾರತದಲ್ಲಿದ್ದ ಸೈನ್ಯಕ್ಕೂ ಬಂದವು.

ಯುದ್ಧ ಮುಗಿಯಿತು. ಬಂದ ವಾಹನಗಳನ್ನೆಲ್ಲ ಮರಳಿ ಸಾಗಿಸುವುದಕ್ಕಿಂತ ಇಲ್ಲಿಯೇ ಮಾರುವುದು ಲಾಭವೆನಿಸಿತು. ಹರಾಜಿನಲ್ಲಿ ಬಿಕರಿಯಾದ ಅವುಗಳಿಗೆ ನಮ್ಮ ಜನ ಇಟ್ಟ ಹೆಸರು 'ಡಿಸ್ಪೋಸಲ್ ಗಾಡಿ'. ಯುದ್ಧಕಾಲದ ಜೀಪುಗಳಲ್ಲಿ ಸ್ಟಿಯರಿಂಗ್ ಚಕ್ರ ಎಡಬದಿಗಿತ್ತು. ಎಡಕ್ಕೆ ನಡೆಯುವ ನಮ್ಮ ರಸ್ತೆಯಲ್ಲಿ ಮುಂದಿನ ಬಂಡಿಯನ್ನು ದಾಟುವಾಗ ಬಲಗಡೆ ಕುಳಿತವನು ಇಣುಕಿ ನೋಡಿ ಹೇಳಬೇಕಾಗುತ್ತಿತ್ತು. 1945ರಲ್ಲಿ ಆರಂಭವಾದ ಮಹೀಂದ್ರ ಸಂಸ್ಥೆ ಸ್ವಾತಂತ್ರ್ಯದ ಬೆನ್ನಿಗೇ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಕ್ರಮೇಣ ಬಲಬದಿಯ ಸ್ಟಿಯರಿಂಗಿನ ಜೀಪು ದೇಶದ ತುಂಬ ಹರಡಿತು. ಅನಂತರ 1969ರಿಂದ ಜಬಲ್‌ಪುರದ ಸರಕಾರಿ ಕಾರ್ಖಾನೆಯಲ್ಲಿ ಜಪಾನಿನ ನಿಸ್ಸಾನ್ ಮಾದರಿಯ 'ಜೋಂಗಾ' ಸೈನ್ಯಕ್ಕಾಗಿ ತಯಾರಾಯಿತು. ಸೈನ್ಯ ಬಿಟ್ಟ ಜೋಂಗಾಗಳೂ ಹರಾಜಿನ ಹಾದಿಯಲ್ಲೇ ಊರು ಸೇರಿದವು.

ನಮ್ಮ ಸೀಮೆಗೆ ಇವು ಏಕೆ ಒಗ್ಗಿದವು? ನೆಲವನ್ನು ನೋಡಿದರೆ ಉತ್ತರ ದೊರೆಯುತ್ತದೆ. ಎರೆ ಭೂಮಿಯಲ್ಲಿ ಮಳೆ ಬಿದ್ದರೆ ಗಾಲಿಗೆ ಕೆಸರು ಮುದ್ದೆಗಟ್ಟುತ್ತದೆ. ಚಿಕ್ಕಹಗರಿಯಂಥ ಹೊಳೆಯಲ್ಲಿ ವರ್ಷದ ಹೆಚ್ಚು ಕಾಲ ನೀರಿಗಿಂತ ಮರಳೇ ಹೆಚ್ಚು. ಕೂಡ್ಲಿಗಿಯ ಕಡೆ ಕಲ್ಲುಗುಡ್ಡ, ಕುರುಚಲು ಕಾಡು. 1945ರ ಫೆಬ್ರವರಿ 28ರಂದು ಆರಂಭವಾದ ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಾಗ ಹಡಗಲಿ, ಹಗರಿಬೊಮ್ಮನಹಳ್ಳಿಗಳ ಕಡೆಯ ಎಷ್ಟೋ ಹಳ್ಳಿಗಳೂ ಅವುಗಳ ದಾರಿಗಳೂ ಹಿನ್ನೀರಿನಲ್ಲಿ ಮುಳುಗಿದವು. ಅದೇ 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ನಮ್ಮ ತಾಲ್ಲೂಕುಗಳು ಮದರಾಸಿನಿಂದ ಬೇರೆಯಾಗಿ ಮೈಸೂರು ರಾಜ್ಯವನ್ನು ಸೇರಿದವು. ಮುಂದೆ ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕರೊಡನೆ ವಿಜಯನಗರ ಜಿಲ್ಲೆಯಲ್ಲಿ ನೆಲೆಸಿತು. ಜಿಲ್ಲೆ ಯಾವುದಾದರೂ ದಾರಿ ಮಾತ್ರ ಅದೇ ದಾರಿ.

1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. ಬ್ಲಾಕು, ಬಿ.ಡಿ.ಓ., ಗ್ರಾಮಸೇವಕ ಎಂಬ ಶಬ್ದಗಳೊಡನೆ ಹಳ್ಳಿಗೆ ಬಂದ ಇನ್ನೊಂದು ಶಬ್ದ ಜೀಪು. 1953ರ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದ ಡಿ.ಡಿ.ಟಿ. ಸಿಂಪಡಿಸುವವರು, ಸಿಡುಬಿನ ಚುಚ್ಚುಮದ್ದಿನವರು, ಮತಪೆಟ್ಟಿಗೆ ಹೊತ್ತ ಚುನಾವಣೆಯ ಸಿಬ್ಬಂದಿ, ಬರಗಾಲದ ಕಾಮಗಾರಿ ನೋಡಲು ಬರುವ ಅಧಿಕಾರಿಗಳು — ಇವರನ್ನೆಲ್ಲ ಹೊತ್ತು ತಂದದ್ದು ಅದೇ. ಸರಕಾರವೆಂಬುದಕ್ಕೆ ಮೊದಲ ಬಾರಿಗೆ ಒಂದು ಸದ್ದು, ಒಂದು ಧೂಳು ದೊರೆತದ್ದು ಜೀಪಿನಿಂದ. ಪಕ್ಕದ ಸಂಡೂರಿನ ಮ್ಯಾಂಗನೀಸ್ ಗಣಿಗಳೂ ಹೊಸಪೇಟೆಯ ಅಣೆಕಟ್ಟೂ ಮೋಟಾರಿನ ಕೆಲಸಕ್ಕೆ ಜನರನ್ನು ಕರೆದವು. ಕಮ್ಮಾರನ ಮಗ, ಬಡಿಗೇರನ ಮಗ ಕುಲುಮೆಯನ್ನು ಬಿಟ್ಟು ಗ್ಯಾರೇಜಿಗೆ ಬಂದ. ಬರಿಗೈಯಲ್ಲಿ ಬರಲಿಲ್ಲ, ಬಂಡಿ ಕಟ್ಟುವ ವಿದ್ಯೆಯನ್ನು ಕೈಯಲ್ಲಿ ತಂದ.

ಇನ್ನು ತೋಳಿನ ವಿಚಾರ. ಚಾಲಕ ಚಕ್ರ ತಿರುಗಿಸಿದಾಗ ಆ ತಿರುವು ಒಂದು ಕೊಳವೆಯೊಳಗಿನ ಸಲಾಕೆಯ ಮೂಲಕ ಸ್ಟಿಯರಿಂಗ್ ಪೆಟ್ಟಿಗೆಗೆ ಇಳಿಯುತ್ತದೆ. ವಿಲ್ಲಿಸ್ ಜೀಪಿನಲ್ಲಿದ್ದದ್ದು ಅಮೆರಿಕದ ಲಾಫಯೆಟ್ ನಗರದಲ್ಲಿ ಡೇವಿಡ್ ರಾಸ್ 1906ರಲ್ಲಿ ಸ್ಥಾಪಿಸಿದ ಕಂಪನಿಯ ಪೆಟ್ಟಿಗೆ. ಪೆಟ್ಟಿಗೆಯಿಂದ ಅಡ್ಡಲಾಗಿ ಹೊರಬರುವ ಗಟ್ಟಿ ಅಚ್ಚಿನ ತುದಿಗೆ ಈ ತೋಳು ಕಚ್ಚಿರುತ್ತದೆ. ತೋಳು ಹಿಂದಕ್ಕೂ ಮುಂದಕ್ಕೂ ಆಡಿದಂತೆ ಅದರ ಇನ್ನೊಂದು ತುದಿಯ ಸಲಾಕೆ ಗಾಲಿಗಳನ್ನು ಹೊರಳಿಸುತ್ತದೆ. ಪಿಟ್‌ಮನ್ ಎಂಬ ಹೆಸರಿನ ಹಿಂದೆಯೂ ಒಬ್ಬ ಕೂಲಿಕಾರನಿದ್ದಾನೆ. ಯಂತ್ರದ ಗರಗಸ ಬರುವ ಮೊದಲು ಇಂಗ್ಲೆಂಡಿನಲ್ಲಿ ದಿಮ್ಮಿಯನ್ನು ಹೊಂಡದ ಮೇಲೆ ಅಡ್ಡಲಾಗಿಟ್ಟು ಇಬ್ಬರು ಕೊಯ್ಯುತ್ತಿದ್ದರು. ಒಬ್ಬ ಮೇಲೆ, ಇನ್ನೊಬ್ಬ ಹೊಂಡದೊಳಗೆ. ಮರದ ಪುಡಿಯನ್ನೆಲ್ಲ ಮುಖದ ಮೇಲೆ ಸುರಿಸಿಕೊಳ್ಳುತ್ತ ಗರಗಸವನ್ನು ಕೆಳಗೆಳೆಯುವ ಆ ಹೊಂಡದ ಆಳೇ ಪಿಟ್‌ಮನ್. ಅವನ ಜಾಗಕ್ಕೆ ಯಂತ್ರದ ಸಲಾಕೆ ಬಂದಾಗ ಹೆಸರೂ ಅದಕ್ಕೆ ಅಂಟಿತು, ಅಲ್ಲಿಂದ ಮೋಟಾರಿಗೂ ಇಳಿಯಿತು.

ಈ ತೋಳನ್ನು ಅಚ್ಚಿಗೆ ಹೇಗೆ ಕಚ್ಚಿಸಿರುತ್ತಾರೆ? ಅಚ್ಚಿನ ತುದಿ ನೇರವಾದ ಉರುಳೆಯಲ್ಲ. ತುದಿಗೆ ಹೋದಂತೆ ಸಣ್ಣಗಾಗುವ ಶಂಕು. ಅದರ ಮೇಲೆ ಉದ್ದುದ್ದಕ್ಕೆ ಹಲ್ಲುಗಳಿರುತ್ತವೆ. ತೋಳಿನ ತೂತಿನಲ್ಲಿಯೂ, ಅಂದರೆ ಕಣ್ಣಿನಲ್ಲಿಯೂ, ಅದೇ ಹಲ್ಲು, ಅದೇ ಇಳಿಜಾರು. ದೊಡ್ಡ ನಟ್ಟನ್ನು ಬಿಗಿದಂತೆಲ್ಲ ತೋಳು ಶಂಕುವಿನ ಮೇಲೇರಿ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಶಂಕು ಎಂದರೆ ಸುತ್ತಿ ಮಡಿಸಿದ ಬೆಣೆಯಲ್ಲವೇ? ಕೊಟ್ಟೂರಿನ ತೇರಿನಡಿಯ ಬೆಣೆ ಇಲ್ಲಿ ಉಕ್ಕಾಗಿ, ದುಂಡಾಗಿ ಬಂದಿದೆ. ಕೆಲವು ನಾಲ್ಕು ಗಾಲಿ ಎಳೆತದ ವಾಹನಗಳಲ್ಲಿ ಮುಂಗಾಲಿಯ ಬಳಿಯ ಇನ್ನೊಂದು ತೋಳನ್ನೂ ಹೀಗೆಯೇ ಸೀಳು ಬಿಟ್ಟ ಸಣ್ಣ ಶಂಕುಬಳೆಗಳನ್ನು ಬೋಲ್ಟಿನ ಸುತ್ತ ತುರುಕಿ ಬಿಗಿದಿರುತ್ತಾರೆ.

ಒಮ್ಮೆ ಕುಳಿತ ಶಂಕು ತಾನಾಗಿ ಏಕೆ ಬಿಡುವುದಿಲ್ಲ? ಒಂಬತ್ತನೆಯ ತರಗತಿಯ ಲೆಕ್ಕ ಸಾಕು. ಮೋಟಾರಿನ ಚುಕ್ಕಾಣಿಯ ಕೊಂಡಿಗಳಲ್ಲಿ ರೂಢಿಯಲ್ಲಿರುವ ಒಂದು ಇಳಿಜಾರು ಎಂಟಕ್ಕೆ ಒಂದು. ಎಂಟು ಅಂಗುಲ ಉದ್ದ ನಡೆದರೆ ವ್ಯಾಸ ಒಂದು ಅಂಗುಲ ಕಡಿಮೆಯಾಗುತ್ತದೆ. ಅದನ್ನು ಎರಡು ಬದಿಗೆ ಹಂಚಿದರೆ ಒಂದೊಂದು ಬದಿಗೆ ಹದಿನಾರಕ್ಕೆ ಒಂದು, ಅಂದರೆ 0.0625. ಉಕ್ಕು ಉಕ್ಕಿನ ಮೇಲೆ ಜಾರುವಾಗಿನ ಘರ್ಷಣಾ ಗುಣಾಂಕ ಸಾಮಾನ್ಯವಾಗಿ 0.15ರ ಸುತ್ತಮುತ್ತ. ಇಳಿಜಾರಿಗಿಂತ ಘರ್ಷಣೆಯೇ ಹೆಚ್ಚಾದುದರಿಂದ ನಟ್ಟು ತೆಗೆದರೂ ಬೆಣೆ ಹಿಂದೆ ಜಾರುವುದಿಲ್ಲ. 1863ರಲ್ಲಿ ತಿರುಚು ಬೈರಿಗೆಗೆ ಹಕ್ಕುಪತ್ರ ಪಡೆದ ಅಮೆರಿಕದ ಸ್ಟೀಫನ್ ಮೋರ್ಸ್‌ನ ಹೆಸರನ್ನು ಹೊತ್ತ ಶಂಕು ಇಂದಿಗೂ ಪ್ರತಿ ಲೇತಿನಲ್ಲಿದೆ. ಅಲ್ಲಿಯೂ ಸೂತ್ರ ಇದೇ: ಇಳಿಜಾರು ಸಣ್ಣದಿರಲಿ, ಹಿಡಿತ ತಾನಾಗಿ ಬರುತ್ತದೆ.

ಹೊಸ ಜೀಪಿನಲ್ಲಿ ಈ ಹಿಡಿತ ವರದಾನ. ಮೂವತ್ತು ವರ್ಷ ಹಗರಿಯ ನೀರು, ಎರೆಯ ಕೆಸರು, ಮಸಾರಿಯ ಧೂಳು ಕುಡಿದ ಜೀಪಿನಲ್ಲಿ ಅದು ಸಂಕಟ. ಹಲ್ಲುಗಳ ಸಂದಿಗೆ ನೀರು ಸೇರಿ ತುಕ್ಕು ಹುಟ್ಟುತ್ತದೆ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗೂ ಮಿಗಿಲಾಗುತ್ತದೆ. ಮೊದಲೇ ಜಾಗವಿಲ್ಲದ ಕಡೆ ತುಕ್ಕು ಉಬ್ಬಿದರೆ ಬೆಣೆಯ ಮೇಲೆ ಬೆಣೆ ಹೊಡೆದಂತೆ. ಪೆಟ್ಟಿಗೆಯ ಎಣ್ಣೆ ಸೋರುತ್ತಿದೆ, ಸೀಲು ಬದಲಿಸಬೇಕು, ಅಚ್ಚು ಸವೆದಿದೆ ಎಂದು ತೋಳು ಬಿಚ್ಚಲು ಹೊರಟಾಗ ಅದು ಅಚ್ಚಿನೊಡನೆ ಒಂದೇ ಲೋಹವಾದಂತೆ ಕುಳಿತಿರುತ್ತದೆ.

ಇಲ್ಲಿಯೇ ನಮ್ಮ ಕಸುಬುದಾರರ ವಿದ್ಯೆಯಿರುವುದು. ನಾನು ಕಂಡಂತೆ ಹಳಬರು ಈ ಕೆಲಸಕ್ಕೆ ಅವಸರ ಮಾಡುತ್ತಿರಲಿಲ್ಲ. ಮುಂಗಾಲಿಗಳನ್ನು ನೇರ ಮಾಡಿ, ತೋಳಿಗೂ ಅಚ್ಚಿಗೂ ಸೇರುವಂತೆ ಉಳಿಯಿಂದ ಒಂದು ಗೆರೆ ಗುರುತು ಹಾಕುತ್ತಿದ್ದರು. ಮರಳಿ ಜೋಡಿಸುವಾಗ ಒಂದು ಹಲ್ಲು ತಪ್ಪಿದರೂ ಚಕ್ರ ಓರೆಯಾಗಿ ಕೂಡುತ್ತದೆ, ಒಂದು ಕಡೆ ತಿರುವು ಕಡಿಮೆಯಾಗುತ್ತದೆ. ಹಿಂದಿನ ದಿನ ಸಂಜೆಯೇ ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯನ್ನು ಕೀಲಿಗೆ ಸುತ್ತಿ ಇರುಳೆಲ್ಲ ಬಿಡುತ್ತಿದ್ದರು. ಬೆಳಗ್ಗೆ ನಟ್ಟನ್ನು ಸಡಿಲಿಸುವರು, ಪೂರ್ತಿ ತೆಗೆಯುವುದಿಲ್ಲ. ಕೆಲವು ಸುತ್ತು ಅಲ್ಲಿಯೇ ಉಳಿಯಬೇಕು. ಏಕೆಂದರೆ ಶಂಕು ಬಿಡುವಾಗ ಮೆಲ್ಲಗೆ ಬಿಡುವುದಿಲ್ಲ, ಒಮ್ಮೆಗೇ ಸಿಡಿಯುತ್ತದೆ. ನಟ್ಟಿದ್ದರೆ ತೋಳು ಅದಕ್ಕೆ ತಾಗಿ ನಿಲ್ಲುತ್ತದೆ. ಇಲ್ಲದಿದ್ದರೆ ಎದುರಿಗಿದ್ದವನ ಮುಖಕ್ಕೆ ಬರುತ್ತದೆ.

ಆಮೇಲೆ ಎರಡು ಕೊಕ್ಕೆಯ ಪುಲ್ಲರನ್ನು ತೋಳಿನ ಹಿಂಬದಿಗೆ ಹಾಕಿ, ನಡುವಿನ ತಿರುಪನ್ನು ಅಚ್ಚಿನ ತುದಿಗೆ ಒತ್ತಿ ಬಿಗಿಯುವುದು. ಬಿಗಿದು ನಿಲ್ಲಿಸುವುದು. ಆಗಲೂ ಬರದಿದ್ದರೆ ಸುತ್ತಿಗೆ. ಆದರೆ ಸುತ್ತಿಗೆ ಎಲ್ಲಿಗೆ ಎಂಬುದರಲ್ಲಿಯೇ ಬಲ್ಲವನಿಗೂ ಅರಿಯದವನಿಗೂ ಇರುವ ಅಂತರ. ಶಿಷ್ಯನಾಗಿ ಸೇರಿದ ಹುಡುಗನಿಗೆ ಹಿರಿಯರೊಬ್ಬರು ಹೇಳುತ್ತಿದ್ದ ಮಾತು ನನ್ನ ಕಿವಿಯಲ್ಲಿದೆ: "ತಮ್ಮಾ, ಅಚ್ಚಿಗೆ ಹೊಡಿಬ್ಯಾಡ, ಕಣ್ಣಿಗೆ ಹೊಡಿ." ಅಚ್ಚಿನ ತುದಿಗೆ ಹೊಡೆದರೆ ತಿರುಪಿನ ಎಳೆ ಕೆಡುತ್ತದೆ, ಪೆಟ್ಟು ಪೆಟ್ಟಿಗೆಯೊಳಗಿನ ಭಾಗಗಳಿಗೆ ಇಳಿದು ಅವು ಹಾಳಾಗುತ್ತವೆ. ತೋಳಿನ ಕಣ್ಣಿನ ದಪ್ಪ ಅಂಚಿಗೆ, ಪಕ್ಕದಿಂದ, ಎದುರು ಬದಿಗೆ ಇನ್ನೊಂದು ಭಾರವಾದ ಸುತ್ತಿಗೆಯನ್ನು ಆನಿಸಿ ಹಿಡಿದು ಹೊಡೆಯಬೇಕು. ಆ ಪೆಟ್ಟಿಗೆ ದುಂಡು ತೂತು ಕ್ಷಣಮಾತ್ರ ಮೊಟ್ಟೆಯಾಕಾರಕ್ಕೆ ಬರುತ್ತದೆ, ತುಕ್ಕಿನ ಬೆಸುಗೆ ಒಡೆಯುತ್ತದೆ. ಪುಲ್ಲರಿನ ಎಳೆತ ಕಾದು ಕುಳಿತಿರುವುದರಿಂದ ಟಪ್ ಎಂದು ತೋಳು ಬಿಡುತ್ತದೆ.

ಅದಕ್ಕೂ ಜಗ್ಗದ ತೋಳಿಗೆ ಬಿಸಿ. ಇದು ಬಂಡಿಯ ಗಾಲಿಗೆ ಹಳಿ ಕಟ್ಟುವ ವಿದ್ಯೆಯೇ. ಕಮ್ಮಾರ ಮರದ ಗಾಲಿಗಿಂತ ತುಸು ಚಿಕ್ಕದಾಗಿ ಕಬ್ಬಿಣದ ಹಳಿ ಮಾಡಿ, ಕುಳ್ಳಿನ ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ ನೀರು ಹಾಕುತ್ತಾನೆ. ಐದು ಅಡಿ ವ್ಯಾಸದ ಹಳಿ 300 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ ಸುಮಾರು ಐದೂವರೆ ಮಿಲಿಮೀಟರು ಹಿಗ್ಗುತ್ತದೆ. ತೋಳಿನ ಕಣ್ಣು ಮೂವತ್ತು ಮಿಲಿಮೀಟರು ಎಂದಿಟ್ಟುಕೊಳ್ಳಿ. ಕುದಿಯುವ ನೀರಿನಲ್ಲಿ ನೆನೆದ ಗೋಣಿಯನ್ನು ಸುತ್ತಿ 70 ಡಿಗ್ರಿ ಏರಿಸಿದರೆ ಹಿಗ್ಗುವುದು 0.025 ಮಿಲಿಮೀಟರು, ತಲೆಗೂದಲಿನ ದಪ್ಪದ ಮೂರನೆಯ ಒಂದು ಪಾಲಿನಷ್ಟು. ಪುಲ್ಲರು ಬಿಗಿದು ನಿಂತಿರುವಾಗ ಅಷ್ಟೇ ಎಷ್ಟೋ ಸಲ ಸಾಕು. ಕಣ್ಣು ಬಿಸಿಯಾಗಬೇಕು, ಅಚ್ಚು ತಣ್ಣಗಿರಬೇಕು. ಆದುದರಿಂದ ಬೇಗ ಬಿಸಿ ಮಾಡಿ ಬೇಗ ಎಳೆಯಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. ಗ್ಯಾಸ್ ಬೆಸುಗೆಯ ಜ್ವಾಲೆ ಕೈಗೆ ಸುಲಭವಾಗಿ ಸಿಗತೊಡಗಿದ ಮೇಲೆ ತೋಳನ್ನು ಕೆಂಪಗೆ ಕಾಯಿಸಿ ಬಿಡಿಸುವ ಚಾಳಿ ಬಂತು. ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ನಿಜ. ಆದರೆ ಆ ತೋಳು ಬಡಿದು ರೂಪಿಸಿ ಹದಗೊಳಿಸಿದ ಉಕ್ಕು. ಕುಡಗೋಲಿನ ಹದ ಕೆಟ್ಟರೆ ಬಾಯಿ ಮಡಚುತ್ತದೆ, ಅತಿಯಾದರೆ ಮುರಿಯುತ್ತದೆಂಬುದು ನಮ್ಮ ಪ್ರತಿ ರೈತನಿಗೂ ಗೊತ್ತು. ಕೆಂಪಗೆ ಕಾಯಿಸಿದ ತೋಳೂ ಅಷ್ಟೇ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲವೆಂಬಂತೆ ಇರುತ್ತದೆ. ಬಾಗಿದ ತೋಳನ್ನು ಕಾಯಿಸಿ ನೆಟ್ಟಗೆ ಮಾಡಿ ಹಾಕುವುದೂ, ಬಿರುಕಿಗೆ ಬೆಸುಗೆ ಹಾಕುವುದೂ ಇದೇ ಜಾತಿಯ ಅಪಾಯ. ಗೇರು ಕೆಟ್ಟರೆ ಗಾಡಿ ನಿಲ್ಲುತ್ತದೆ. ಬ್ರೇಕು ಕೆಟ್ಟರೂ ಕೈಬ್ರೇಕಿದೆ, ದಿಕ್ಕು ಬದಲಿಸಿ ಜೀವ ಉಳಿಸಿಕೊಳ್ಳಬಹುದು. ಓಡುತ್ತಿರುವಾಗ ಸ್ಟಿಯರಿಂಗ್ ತೋಳು ತುಂಡಾದರೆ ಚಕ್ರ ಕೈಯಲ್ಲಿ ಗಿರ್ರನೆ ಸುಮ್ಮನೆ ತಿರುಗುತ್ತದೆ, ಗಾಲಿ ಮನಬಂದತ್ತ ಹೋಗುತ್ತದೆ. ಜಾತ್ರೆಗೆ, ಮದುವೆಗೆ ಜನರನ್ನು ಇರುಕಿಕೊಂಡು ಹೋಗುವ ಜೀಪಿನಲ್ಲಿ ಹದಿನೈದು ಇಪ್ಪತ್ತು ಜೀವಗಳು ಆ ಒಂದು ತುಂಡನ್ನು ನಂಬಿರುತ್ತವೆ. ಆದುದರಿಂದಲೇ ಹಳಬರು ಒಂದು ಹಗಲು ಹೋದರೂ ಚಿಂತಿಲ್ಲವೆಂದು ತಾಳ್ಮೆಯಿಂದ ಬಿಡಿಸುತ್ತಿದ್ದರು. ಬಿಡಿಸಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಬಿಸಿಲಿಗೆ ಹಿಡಿದು ಬಿರುಕು ನೋಡಿ, ಹಲ್ಲುಗಳನ್ನು ಶುಚಿಮಾಡಿಯೇ ಮರಳಿ ಹಾಕುತ್ತಿದ್ದರು. ನಟ್ಟಿಗೆ ಹೊಸ ಬೀಗದ ಪಿನ್ನು ಹಾಕದೆ ಗಾಡಿಯನ್ನು ಹೊರಗೆ ಬಿಡುತ್ತಿರಲಿಲ್ಲ.

ನಮ್ಮ ಶಾಲೆಗಳಲ್ಲಿ ಎಸ್.ಎಸ್.ಎಲ್.ಸಿ. ಮುಟ್ಟದೆ ಗ್ಯಾರೇಜು ಸೇರಿದ ಹುಡುಗರನ್ನು 'ದಡ್ಡರು' ಎಂದು ಊರು ಕರೆಯುತ್ತಿತ್ತು. ಘರ್ಷಣೆ, ಇಳಿಜಾರು, ಉಷ್ಣದ ಹಿಗ್ಗುವಿಕೆ, ಲೋಹದ ಹದ — ಹಲಗೆಯ ಮೇಲೆ ನಾವು ಬರೆದು ಅಳಿಸಿದ ಪಾಠಗಳನ್ನೆಲ್ಲ ಅವರು ಪ್ರತಿದಿನ ಬೆರಳ ತುದಿಯಲ್ಲಿ ಪರೀಕ್ಷೆಗೊಡ್ಡುತ್ತಿದ್ದರು. ಅಲ್ಲಿ ಉತ್ತರ ತಪ್ಪಿದರೆ ಕಳೆಯುವುದು ಅಂಕವಲ್ಲ. ಅವರಲ್ಲಿ ಹಲವರು ಇಂದು ನಿಮ್ಮೊಡನೆ ಈ ಪುಟವನ್ನು ಓದುತ್ತಿರಬಹುದು. ಅವರಿಗೆ ನನ್ನ ನಮಸ್ಕಾರ.

ಈಗ ಕಾಲ ಬದಲಾಗಿದೆ. ಜೋಂಗಾದ ತಯಾರಿಕೆ 1999ರಲ್ಲಿ ನಿಂತಿತು. ಹದಿನೈದು ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸಬಾರದೆಂಬ ನಿಯಮ ಬಂದು, ಕಚೇರಿಗಳ ಹಿತ್ತಿಲಿನಲ್ಲಿ ನಿಂತ ಜೀಪುಗಳು ಗುಜರಿಯ ದಾರಿ ಹಿಡಿದಿವೆ. ಗಾಡಿ ಹೋಗಲಿ, ಅದಕ್ಕೆ ವಯಸ್ಸಾಗಿದೆ. ಆದರೆ ಅದನ್ನು ಬಲ್ಲವರ ಮಾತು ಅದರೊಡನೆ ಗುಜರಿಗೆ ಹೋಗಬಾರದು. ನಮ್ಮ ಐದು ತಾಲ್ಲೂಕುಗಳಲ್ಲಿ ಬಸ್ ನಿಲ್ದಾಣದ ಹಿಂದೆಯೋ ಹೆದ್ದಾರಿಯ ಪಕ್ಕದಲ್ಲೋ ತಗಡಿನ ನೆರಳಿನಲ್ಲಿ ಎಪ್ಪತ್ತು ದಾಟಿದ ಒಬ್ಬಿಬ್ಬರು ಹಿರಿಯ ಮೇಸ್ತ್ರಿಗಳು ಇನ್ನೂ ಇದ್ದಾರೆ. ನಿಮ್ಮಲ್ಲಿ ಯಾರಿಗಾದರೂ ಬಿಡುವಾದರೆ ಅವರ ಬಳಿ ಒಂದು ಸಂಜೆ ಕುಳಿತು, ಯಾವ ಭಾಗಕ್ಕೆ ಅವರು ಯಾವ ಹೆಸರು ಹೇಳುತ್ತಿದ್ದರು, ಮೊದಲ ಜೀಪು ಯಾವ ಊರಿನಿಂದ ಬಂತು, ಪುಲ್ಲರು ಇಲ್ಲದ ದಿನಗಳಲ್ಲಿ ಏನು ಮಾಡುತ್ತಿದ್ದರು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ. ನನಗೂ ಒಂದು ಪ್ರತಿ ಕಳಿಸಿದರೆ ಉಪಕಾರವಾಗುತ್ತದೆ.